ಬೇಟೆಯ ಕಾಂಪೌಂಡ್ ಬಿಲ್ಲೋ, ಗುರಿಯ ಬಿಲ್ಲೋ: ಶಿರಸಿ ಕಡೆಯವನಿಗೆ ಯಾವುದು ಒಗ್ಗೀತು?

ತೋಟದ ದಣಪೆ (ಶಿರಸಿ) ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಹುಲೇಕಲ್ ಕಡೆಯ ಅಡಿಕೆ ಬೆಳೆಗಾರ. ಆರು ವರ್ಷಗಳಿಂದ ಬಿದಿರಿನ ಬಿಲ್ಲು ಹಿಡಿದು ಮನೆಯ ಹಿಂದಿನ ಧರೆಗೆ (ಕಡಿದಾದ ಮಣ್ಣಿನ ದಿಬ್ಬಕ್ಕೆ) ಗುರಿ ಇಟ್ಟು ಅಭ್ಯಾಸ ಮಾಡುತ್ತ ಬಂದಿದ್ದೇನೆ. ನನ್ನ ಹೆಂಡತಿಯ ಅಣ್ಣ ಬಹಳ ವರ್ಷಗಳಿಂದ ಮಿಷಿಗನ್‌ನಲ್ಲಿದ್ದು, ಅಲ್ಲಿಯ ಪರವಾನಗಿ ಪಡೆದು ಪ್ರತಿವರ್ಷ ಬಿಲ್ಲಿನಲ್ಲಿ ಜಿಂಕೆ ಬೇಟೆಗೆ ಹೋಗುತ್ತಾರೆ. ಬರುವ ಮಾರಿಕಾಂಬಾ ಜಾತ್ರೆಗೆ ಊರಿಗೆ ಬರುವಾಗ ತಮ್ಮ ಹಳೆಯ ಎರಡು ಕಾಂಪೌಂಡ್ ಬಿಲ್ಲುಗಳಲ್ಲಿ (ತುದಿಗಳಲ್ಲಿ ಗಾಲಿಗಳಿರುವ ಬಿಲ್ಲು) ಒಂದನ್ನು ನನಗೆ ತಂದುಕೊಡುವುದಾಗಿ ಹೇಳಿದ್ದು, ಯಾವುದು ಬೇಕೆಂದು ನನ್ನನ್ನೇ ಕೇಳಿದ್ದಾರೆ.

ಮೊದಲನೆಯದು ಬೇಟೆಯ ಬಿಲ್ಲು. ಎರಡು ಗಾಲಿಗಳ ಅಚ್ಚುಗಳ ನಡುವಿನ ಅಂತರ 30 ಇಂಚು, ಎಳೆತದ ತೂಕ (ಹೆದೆ ಎಳೆಯಲು ಬೇಕಾಗುವ ಬಲ) 60ರಿಂದ 70 ಪೌಂಡ್, ಎಳೆತದ ಉದ್ದ ಭಾವನ ಅಳತೆಗೆ ಕೂರಿಸಿದ 29 ಇಂಚು, ಕಂಪನಿ ಹೇಳುವ ವೇಗ ಸೆಕೆಂಡಿಗೆ 340 ಅಡಿ. ಎರಡನೆಯದು ಗುರಿ ಅಭ್ಯಾಸದ್ದು. ಅಚ್ಚುಗಳ ಅಂತರ 38 ಇಂಚು, ತೂಕ 40ರಿಂದ 50 ಪೌಂಡ್, ಎಳೆತದ ಉದ್ದವನ್ನು ಇಪ್ಪತ್ತೈದೂವರೆಯಿಂದ 28 ಇಂಚಿನವರೆಗೆ ಬದಲಿಸಬಹುದು, ವೇಗ 310ರ ಹತ್ತಿರ. ವೇಗ, ಬಲ ಎರಡರಲ್ಲೂ ಮೊದಲನೆಯದೇ ಮುಂದಿರುವುದರಿಂದ ಮನಸ್ಸು ಆ ಕಡೆಗೇ ಎಳೆಯುತ್ತಿದೆ. ಗದ್ದೆಗೆ ಬಂದು ಬಾಳೆಯನ್ನೂ ಭತ್ತವನ್ನೂ ಹಾಳುಮಾಡುವ ಹಂದಿಯ ವಿಷಯವೂ ಮನಸ್ಸಿನಲ್ಲಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಬೆಟ್ಟದ ಹಾದಿ (ಯಲ್ಲಾಪುರ) ಬರೆದದ್ದು:

ಬಿಲ್ಲಿನ ಮಾತಿಗೆ ಮುಂಚೆ ನಿಮ್ಮ ಕೊನೆಯ ಮಾತಿಗೆ ಉತ್ತರಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದೆ ಆಯ್ಕೆಯೇ ಸರಿಯಾಗಲಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯಗೊಳಿಸುವುದು, ಉರುಲು ಹಾಕುವುದು, ಸೋವುವುದು, ಇವುಗಳಲ್ಲಿ ಯಾವುದಕ್ಕೇ ಆಗಲಿ ಪ್ರಯತ್ನಿಸುವುದು ಎಲ್ಲವೂ ಸೇರುತ್ತದೆ. ಬೆಳೆ ಹಾಳುಮಾಡುವ ಪ್ರಾಣಿಯ ವಿಷಯದಲ್ಲಿಯೂ ತೀರ್ಮಾನ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿಗೆ ಸೇರಿದ್ದೇ ಹೊರತು ತೋಟದ ಯಜಮಾನನ ಕೈಯಲ್ಲಿಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ನಾವು ‘ನಮ್ಮ ಬೆಟ್ಟ’ ಎಂದು ಹೇಳಿಕೊಳ್ಳುವ ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕುಗಳ ಸವಲತ್ತು ಮಾತ್ರ; ನೆಲ ಅರಣ್ಯದ್ದೇ. ಬಿಲ್ಲು ಹೆಗಲಿಗೇರಿಸಿಕೊಂಡು ಅಲ್ಲಿ ತಿರುಗಾಡಿದರೆ ಗುರಿ ಅಭ್ಯಾಸಕ್ಕೆಂದು ಹೇಳಿ ಯಾರನ್ನೂ ನಂಬಿಸಲಾಗುವುದಿಲ್ಲ.

ಕಾನೂನನ್ನು ಬದಿಗಿಟ್ಟು ನೋಡಿದರೂ, ಕತ್ತಲಲ್ಲಿ ಓಡುವ ಹಂದಿಗೆ ಅಭ್ಯಾಸವಿಲ್ಲದವನು ಬಿಟ್ಟ ಬಾಣ ಪ್ರಾಣಿಯನ್ನು ನಾಲ್ಕು ದಿನ ನರಳಿಸುತ್ತದೆ, ಗಾಯಗೊಂಡ ಹಂದಿ ಮರುದಿನ ಸೊಪ್ಪಿಗೆ ಹೋದವರ ಮೇಲೆ ಬೀಳುತ್ತದೆ. ಅಂಥ ಗಾಯಾಳುವನ್ನು ಆಸ್ಪತ್ರೆಗೆ ಹೊತ್ತೊಯ್ದವರಲ್ಲಿ ನಾನೂ ಒಬ್ಬ. ನಿಮ್ಮ ಗದ್ದೆಗೆ ಅಗಳವೂ ಸೌರ ಬೇಲಿಯೂ ಬೇಕು, ಬಿಲ್ಲಲ್ಲ.

ತೋಟದ ದಣಪೆ ಬರೆದದ್ದು:

ನೀವು ಹೇಳಿದ್ದನ್ನು ಒಪ್ಪಿದ್ದೇನೆ. ಹಂದಿಯ ಮಾತನ್ನು ಇಲ್ಲಿಗೇ ಬಿಡುತ್ತೇನೆ, ಬೇಲಿಯ ಲೆಕ್ಕವನ್ನು ಬೇರೆ ಕಡೆ ಕೇಳುತ್ತೇನೆ. ಇನ್ನು ಮುಂದೆ ಪ್ರಶ್ನೆ ಗುರಿ ಅಭ್ಯಾಸದ್ದು ಮಾತ್ರ. ಹಾಗಿದ್ದರೂ ಬಲವಾದ ಬಿಲ್ಲೇ ಒಳ್ಳೆಯದಲ್ಲವೇ?

ಕಾಳಿದಂಡೆ (ಕಾರವಾರ) ಬರೆದದ್ದು:

ಅಲ್ಲ, ಮತ್ತು ಏಕೆ ಅಲ್ಲ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹದಿನಾಲ್ಕು ವರ್ಷ ಕಾಂಪೌಂಡ್ ಬಿಲ್ಲು ಹಿಡಿದಿದ್ದೇನೆ, ಊರಿನ ನಾಲ್ಕಾರು ಮಕ್ಕಳಿಗೆ ಹೇಳಿಕೊಡುತ್ತೇನೆ. ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಮಂದಿ ವೇಗದಿಂದ ಮಾತು ಶುರುಮಾಡುತ್ತಾರೆ. ನಾನು ಅಳತೆಯ ಟೇಪಿನಿಂದ ಶುರುಮಾಡುತ್ತೇನೆ.

ಬಿದಿರಿನ ಬಿಲ್ಲನ್ನು ಎಷ್ಟು ಬೇಕಾದರೂ ಎಳೆಯಬಹುದು, ಗಲ್ಲಕ್ಕೆ ಬಂದಲ್ಲಿ ನಿಲ್ಲಿಸಿದರಾಯಿತು. ಕಾಂಪೌಂಡ್ ಹಾಗಲ್ಲ. ಅಮೆರಿಕದ ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಪಡೆದ ಈ ಬಿಲ್ಲಿನ ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳಿವೆ. ಅವುಗಳ ಅಚ್ಚು ನಟ್ಟನಡುವೆ ಇಲ್ಲದಿರುವುದರಿಂದ ಎಳೆತದ ಮಧ್ಯದಲ್ಲಿ ಪೂರ್ತಿ ಭಾರ ಬಂದು, ಕೊನೆಯಲ್ಲಿ ಗಾಲಿ ಹೊರಳಿದೊಡನೆ ಭಾರ ತಟ್ಟನೆ ಇಳಿಯುತ್ತದೆ. ಇದನ್ನೇ ಲೆಟ್-ಆಫ್ ಎನ್ನುವುದು. 70 ಪೌಂಡಿನ ಬಿಲ್ಲಿಗೆ ಶೇ. 80 ಲೆಟ್-ಆಫ್ ಇದ್ದರೆ ಗುರಿ ಹಿಡಿದು ನಿಂತಾಗ ಬೆರಳಿಗೆ ಉಳಿಯುವುದು 14 ಪೌಂಡ್. ಆ ಇಳಿಜಾರಿನ ಕೊನೆಗೆ ಒಂದು ಗೋಡೆ ಇರುತ್ತದೆ, ಅದರಾಚೆ ಹೆದೆ ಬರುವುದಿಲ್ಲ. ಆ ಗೋಡೆ ನಿಮ್ಮ ಗಲ್ಲದ ಬಳಿಯೇ ಬಂದು ನಿಲ್ಲಬೇಕು. ಎಳೆತದ ಉದ್ದ ಎಂದರೆ ಅದೇ.

ಅಳೆಯುವುದು ಹೀಗೆ. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಗಳನ್ನು ಶಿಲುಬೆಯಂತೆ ಚಾಚಿ ನಿಲ್ಲಿರಿ, ಎದೆ ಉಬ್ಬಿಸಬೇಡಿ, ಬೆರಳುಗಳನ್ನು ಸೆಳೆಯಬೇಡಿ. ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗಿನ ಅಳತೆಯನ್ನು ಇಂಚಿನಲ್ಲಿ ಬರೆದುಕೊಂಡು ಎರಡೂವರೆಯಿಂದ ಭಾಗಿಸಿ. ಬರುವ ಸಂಖ್ಯೆಗೆ ಅರ್ಧ ಇಂಚು ಆಚೆ ಈಚೆ ನಿಮ್ಮ ಉದ್ದ ಸಿಗುತ್ತದೆ. 29 ಇಂಚಿನ ಬಿಲ್ಲು ಬೇಕಾಗುವುದು ಸುಮಾರು ಆರಡಿ ಎತ್ತರದವರಿಗೆ. ನೀವು ಅಷ್ಟು ಎತ್ತರವಿಲ್ಲದಿದ್ದರೆ ಭಾವನವರ ಬೇಟೆಯ ಬಿಲ್ಲು ನಿಮ್ಮನ್ನು ಹಿಂದಕ್ಕೆ ಬಾಗಿಸುತ್ತದೆ, ಹೆದೆ ಮುಖದ ಮೇಲೆ ಹಾಯುತ್ತದೆ, ಎಡ ಮೊಣಕೈ ಬಿಗಿದುಕೊಳ್ಳುತ್ತದೆ. ಕೆಲವು ಬಿಲ್ಲುಗಳಲ್ಲಿ ಕ್ಯಾಮ್ ಮೇಲಿನ ಸಣ್ಣ ತುಂಡನ್ನು ತಿರುಗಿಸಿ ಉದ್ದ ಬದಲಿಸಬಹುದು. ಕೆಲವಕ್ಕೆ ಕ್ಯಾಮನ್ನೇ ಬದಲಿಸಬೇಕು, ಅದಕ್ಕೆ ಲಿಂಬುಗಳನ್ನು (ಬಿಲ್ಲಿನ ಬಾಗುವ ತೋಳುಗಳನ್ನು) ಒತ್ತಿ ಹಿಡಿಯುವ ಪ್ರೆಸ್ ಬೇಕು. ಅದು ನಮ್ಮೂರಿನ ಮೆಕ್ಯಾನಿಕ್ಕರ ಬಳಿ ಸಿಗುವ ವಸ್ತುವಲ್ಲ.

ಇನ್ನು ಆ 340. ಅಂಥ ಸಂಖ್ಯೆಯನ್ನು ಸಾಮಾನ್ಯವಾಗಿ 70 ಪೌಂಡ್ ತೂಕ, 30 ಇಂಚು ಎಳೆತ, 350 ಗ್ರೇನ್ (ಸುಮಾರು 23 ಗ್ರಾಂ) ಭಾರದ ಬಾಣ ಎಂಬ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಇಂಚು ಎಳೆತ ಕಡಿಮೆಯಾದರೆ ಸರಿಸುಮಾರು 10 ಅಡಿ ವೇಗ ಹೋಗುತ್ತದೆ. ತೂಕ ಇಳಿಸಿದರೆ ಮತ್ತಷ್ಟು ಹೋಗುತ್ತದೆ, ಭಾರದ ಬಾಣ ಹಾಕಿದರೆ ಇನ್ನಷ್ಟು. ನಿಮ್ಮ ಕೈಯಲ್ಲಿ ಆ ಬಿಲ್ಲು 340ರ ಮುಖವನ್ನೇ ನೋಡುವುದಿಲ್ಲ.

ತೂಕಕ್ಕೂ ಒಂದು ಪರೀಕ್ಷೆ ಇದೆ. ಸ್ಟೂಲಿನ ಮೇಲೆ ಕುಳಿತು, ಪಾದಗಳನ್ನು ನೆಲದಿಂದ ಸ್ವಲ್ಪ ಎತ್ತಿ, ಬಾಣ ಹೂಡಿ, ಬಿಲ್ಲನ್ನು ಗುರಿಯ ನೇರಕ್ಕೇ ಹಿಡಿದು ನಿಧಾನವಾಗಿ ಎಳೆಯಿರಿ. ಬಿಲ್ಲನ್ನು ಆಕಾಶಕ್ಕೆ ಎತ್ತದೆ, ಮೈ ತಿರುಚದೆ ಎಳೆಯಲಾಗದಿದ್ದರೆ ಆ ತೂಕ ನಿಮ್ಮದಲ್ಲ. ಲಿಂಬಿನ ಬೋಲ್ಟು ಸಡಿಲಿಸಿ ತೂಕ ಇಳಿಸಬಹುದೆಂದು ಹೇಳುವವರಿದ್ದಾರೆ. ಕಂಪನಿ ಹೇಳಿದ ಮಿತಿಯವರೆಗೆ ಮಾತ್ರ ಅದು ಸರಿ. 60–70ರ ಬಿಲ್ಲು 60ಕ್ಕಿಂತ ಕೆಳಗೆ ಬರುವುದಿಲ್ಲ. ಅದಕ್ಕಿಂತ ಸಡಿಲಿಸಿದರೆ ಲಿಂಬು ಕಿತ್ತು ಬರುವ ಅಪಾಯವಿದೆ.

ಅಘನಾಶಿನಿ (ಕುಮಟಾ) ಬರೆದದ್ದು:

ಕಾಳಿದಂಡೆಯವರ ಮಾತಿಗೆ ನನ್ನ ಹೆಗಲೇ ಸಾಕ್ಷಿ. ನಾಲ್ಕು ವರ್ಷದ ಹಿಂದೆ ದೂರದ ನಗರದ ಅಂಗಡಿಯೊಂದರಲ್ಲಿ ಕೈಚಾಚಿನ ಅಳತೆಯನ್ನೇ ತೆಗೆದುಕೊಳ್ಳದೆ, ‘ಎಲ್ಲರೂ ಇದನ್ನೇ ಒಯ್ಯುತ್ತಾರೆ’ ಎಂದು 28 ಇಂಚಿನ, 60 ಪೌಂಡಿನ ಬಿಲ್ಲನ್ನು ಕೊಟ್ಟರು. ನನಗೆ ಬೇಕಾದದ್ದು 26. ಮೂರು ತಿಂಗಳು ಎಳೆದೆ. ದಿನವೂ ಮೊದಲ ಹತ್ತು ಬಾಣ ಚೆನ್ನಾಗಿ ಹೋಗುತ್ತಿದ್ದವು, ಹದಿನೈದನೆಯದರಿಂದ ಬಲಭುಜದ ಒಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಆ ಮೇಲೆ ಐದು ತಿಂಗಳು ಬಾವಿಯಿಂದ ಕೊಡಪಾನ ಎತ್ತಲೂ ಆಗಲಿಲ್ಲ.

ಇನ್ನೊಂದು ತಪ್ಪು ನನ್ನ ಮನೆಯಲ್ಲೇ ಆಯಿತು. ಬಂದ ನೆಂಟರ ಹುಡುಗನೊಬ್ಬ ಜಗಲಿಯ ಮೇಲಿದ್ದ ಬಿಲ್ಲನ್ನು ಕುತೂಹಲದಿಂದ ಎಳೆದು, ಬಾಣವಿಲ್ಲದೆ ಬಿಟ್ಟ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಹೊಡೆಯಿತು. ತೆಂಗಿನ ಹೆಡೆ ಮುರಿದಂಥ ಸದ್ದಾಯಿತು, ಹೆದೆ ಕ್ಯಾಮಿನಿಂದ ಹಾರಿತು, ಕೆಳಗಿನ ಲಿಂಬು ಉದ್ದಕ್ಕೆ ಸೀಳಿತು, ಒಂದು ಎಸಳು ಹುಡುಗನ ಕಿವಿಯ ಪಕ್ಕದಲ್ಲಿ ಹಾದು ಕಂಬಕ್ಕೆ ತಾಗಿತು. ಹುಡುಗನಿಗೆ ಏನೂ ಆಗಲಿಲ್ಲ. ಆ ದಿನದಿಂದ ಬಿಲ್ಲು ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಮನೆಯಲ್ಲಿ ಮಕ್ಕಳಿದ್ದರೆ ನೀವೂ ಹಾಗೇ ಮಾಡಬೇಕೆಂದು ಕೈಮುಗಿದು ಕೇಳುತ್ತೇನೆ.

ದೂರದೂರಿನವ (ಮಿಷಿಗನ್) ಬರೆದದ್ದು:

ಮೇಲೆ ಪ್ರಶ್ನೆ ಕೇಳಿದವರ ಭಾವ ನಾನೇ. ಈ ಚರ್ಚೆಯನ್ನು ತೋರಿಸಿದ್ದು ತಂಗಿ. ಬೇಟೆಯ ಬಿಲ್ಲು ಏಕೆ ಹಾಗಿದೆ ಎಂಬುದನ್ನು ಅದನ್ನು ಬಳಸುವವನಾಗಿ ಹೇಳುವುದು ನನ್ನ ಕರ್ತವ್ಯ, ಏಕೆಂದರೆ ಅದು ಕೆಟ್ಟ ಬಿಲ್ಲಲ್ಲ, ಬೇರೆ ಕೆಲಸದ ಬಿಲ್ಲು.

ಇಲ್ಲಿ ಬಿಲ್ಲಿನ ಜಿಂಕೆ ಬೇಟೆ ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ. 1960ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತಾ ತರಬೇತಿ ಮುಗಿಸಿರಬೇಕು, ಪರವಾನಗಿ ಕೊಳ್ಳಬೇಕು. ನಾವು ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ, ಬೆಲ್ಟಿನಿಂದ ಮೈಯನ್ನು ಮರಕ್ಕೆ ಬಿಗಿದುಕೊಂಡು, ಚಳಿಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತೇವೆ. ಸುತ್ತ ಕೊಂಬೆಗಳು. 38 ಇಂಚಿನ ಬಿಲ್ಲು ಅಲ್ಲಿ ಎಲ್ಲಾದರೂ ತಾಗಿಯೇ ತಾಗುತ್ತದೆ, ಆದುದರಿಂದಲೇ 28ರಿಂದ 33 ಇಂಚಿನ ಗಿಡ್ಡ ಬಿಲ್ಲುಗಳು. ಜಿಂಕೆ ಎದುರು ಬಂದಾಗ ಒಮ್ಮೆ ಎಳೆದು, ಅದು ಪಕ್ಕಕ್ಕೆ ತಿರುಗುವವರೆಗೆ ನಿಮಿಷದಷ್ಟು ಕಾಲ ಹಿಡಿದಿರಬೇಕಾಗುತ್ತದೆ. ಹೀಗಾಗಿ ಶೇ. 80, 85 ಲೆಟ್-ಆಫ್. ದಿನವಿಡೀ ಕಾದು ಬಿಡುವುದು ಒಂದು ಬಾಣ, ಹಲವು ದಿನ ಅದೂ ಇಲ್ಲ. ಗುರಿ ಅಭ್ಯಾಸದವರು ಒಂದು ಬೆಳಗಿನಲ್ಲಿ ನೂರು ಬಾಣ ಬಿಡುತ್ತಾರೆ. ಒಂದೇ ಬಾಣಕ್ಕೆಂದು ಮಾಡಿದ 65 ಪೌಂಡನ್ನು ನೂರು ಸಲ ಎಳೆದರೆ ಹೆಗಲು ಏನಾಗುತ್ತದೆಂಬುದನ್ನು ಕುಮಟಾದವರು ಬರೆದಿದ್ದಾರೆ.

ವೇಗದ ವಿಷಯದಲ್ಲಿ ಬೇಟೆಯವರಿಗೂ ಭ್ರಮೆ ಉಂಟು, ನನಗೂ ಇತ್ತು. ನಮ್ಮಲ್ಲಿ ಹೆಚ್ಚಿನ ಬಾಣಗಳನ್ನು ಬಿಡುವುದು 20 ಗಜದ, ಎಂದರೆ 60 ಅಡಿಯ ಒಳಗೆ. ಸೆಕೆಂಡಿಗೆ 300 ಅಡಿಯ ಬಾಣ ಅಷ್ಟು ದೂರಕ್ಕೆ ಸೆಕೆಂಡಿನ ಐದನೆಯ ಒಂದು ಪಾಲು ತೆಗೆದುಕೊಳ್ಳುತ್ತದೆ. 340 ಅಡಿಯದಾದರೆ ಉಳಿತಾಯವಾಗುವುದು ಸೆಕೆಂಡಿನ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ಶಬ್ದ ಸೆಕೆಂಡಿಗೆ 1,100 ಅಡಿಗೂ ಹೆಚ್ಚು ಓಡುವುದರಿಂದ ಹೆದೆಯ ಸದ್ದು ಯಾವ ಬಾಣಕ್ಕಿಂತಲೂ ಮೊದಲೇ ಜಿಂಕೆಯ ಕಿವಿಗೆ ಬಿದ್ದಿರುತ್ತದೆ, ಅದು ಜಿಗಿಯಲು ಮೈ ಕುಗ್ಗಿಸುವಷ್ಟರಲ್ಲಿ ಬಾಣ ಬೆನ್ನ ಮೇಲೆ ಹಾದುಹೋಗುತ್ತದೆ. ಸದ್ದು ಕಡಿಮೆ ಇರುವ ಬಿಲ್ಲು, ಸ್ವಲ್ಪ ಭಾರದ ಬಾಣ, ಹರಿತವಾದ ಅಗಲ ಮೊನೆ, ಇವು ನನಗೆ ವೇಗಕ್ಕಿಂತ ಹೆಚ್ಚು ಕೆಲಸ ಮಾಡಿವೆ. ವಿಸ್ಕಾನ್ಸಿನ್‌ನಲ್ಲಿ ಜಿಂಕೆಗೆ ಕಾನೂನು ಕೇಳುವ ಕನಿಷ್ಠ ಎಳೆತ 30 ಪೌಂಡ್ ಮಾತ್ರ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಹುದು. ಬೇಟೆಗೇ 70 ಪೌಂಡಿನ ಅಗತ್ಯ ಅಷ್ಟಿಲ್ಲದಿರುವಾಗ, ತಮ್ಮಾ, ನಿಮ್ಮ ಧರೆಯ ಮುಂದಿನ ಗೋಣಿಚೀಲಕ್ಕೆ ಅದು ಯಾತಕ್ಕೆ?

ಶರಾವತಿ ಕೂಸು (ಹೊನ್ನಾವರ) ಬರೆದದ್ದು:

ನನ್ನ ಮಗಳಿಗೆ ಹದಿನಾಲ್ಕು ವರ್ಷ. ಟಿವಿಯಲ್ಲಿ ಕೈಗಳಿಲ್ಲದ ಬಿಲ್ಲುಗಾರ್ತಿ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು ಬಾಣ ಬಿಡುವುದನ್ನು ನೋಡಿದ ಮೇಲೆ ತಾನೂ ಕಾಂಪೌಂಡ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಬೇಟೆಯ ಬಿಲ್ಲುಗಳು ಹಳೆಯವಾದರೆ ಅಗ್ಗಕ್ಕೆ ಸಿಗುತ್ತವೆಂದು ಕೇಳಿದ್ದೇನೆ. ಅದರಲ್ಲಿ ಕಲಿತು ಸ್ಪರ್ಧೆಗೆ ಹೋಗಬಹುದೇ?

ಕಾಳಿದಂಡೆ ಬರೆದದ್ದು:

ಅಕ್ಕಾ, ಹೋಗಬಾರದೆಂದು ನಿಯಮವಿಲ್ಲ. ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ನಿಯಮದಂತೆ ಕಾಂಪೌಂಡಿನ ಗರಿಷ್ಠ ತೂಕ 60 ಪೌಂಡ್, ಬಾಣದ ದಪ್ಪ 9.3 ಮಿಲಿಮೀಟರ್ ಮೀರುವಂತಿಲ್ಲ. ಈ ಮಿತಿಯೊಳಗಿದ್ದರೆ ಗಿಡ್ಡ ಬಿಲ್ಲನ್ನೂ ಬಿಡುತ್ತಾರೆ. ಆದರೆ ಸ್ಪರ್ಧೆಯ ದೂರ 50 ಮೀಟರ್, ಗುರಿ 80 ಸೆಂಟಿಮೀಟರಿನ ಹಾಳೆ, ಅರ್ಹತಾ ಸುತ್ತಿನಲ್ಲಿ 72 ಬಾಣ. ಅಷ್ಟು ದೂರದಲ್ಲಿ ಕೈ ಒಂದಿಷ್ಟು ತಿರುಚಿದರೂ ಗಿಡ್ಡ ಬಿಲ್ಲು ಅದನ್ನು ಹಾಳೆಯ ಮೇಲೆ ದೊಡ್ಡದು ಮಾಡಿ ತೋರಿಸುತ್ತದೆ, ಉದ್ದದ ಬಿಲ್ಲು ನುಂಗಿಕೊಳ್ಳುತ್ತದೆ. ಜೊತೆಗೆ, ಗಿಡ್ಡ ಬಿಲ್ಲಿನಲ್ಲಿ ಹೆದೆ ಚೂಪು ಕೋನದಲ್ಲಿ ಮಡಿಯುವುದರಿಂದ ಮೂಗಿನ ತುದಿಯನ್ನು ಹೆದೆಗೆ ತಾಗಿಸಿ ನೆಲೆ ಹಿಡಿಯಲು ಅನೇಕರಿಗೆ ತಲೆ ಮುಂದಕ್ಕೆ ಚಾಚಬೇಕಾಗುತ್ತದೆ. ಆ ಅಭ್ಯಾಸ ಹುಡುಗಿಗೆ ಅಂಟಿದರೆ ಬಿಡಿಸುವುದು ಕಷ್ಟ.

ಮಗಳಿಗೆ 25ರಿಂದ 30 ಪೌಂಡಿನಲ್ಲಿ ಆರಂಭಿಸಿ, ಅವಳು ಬೆಳೆದಂತೆ ಉದ್ದವನ್ನೂ ತೂಕವನ್ನೂ ಏರಿಸಬಲ್ಲ ಬಿಲ್ಲು ಕೊಡಿಸಿರಿ. ಅವಳ ಕನಸು ದೊಡ್ಡದೇ ಆಗಿರಲಿ. 2023ರಲ್ಲಿ ಬರ್ಲಿನ್‌ನಲ್ಲಿ ಅದಿತಿ ಸ್ವಾಮಿ ಕಾಂಪೌಂಡಿನ ವಿಶ್ವ ಚಾಂಪಿಯನ್ ಆದಾಗ ಆಕೆಗೆ 17 ವರ್ಷ. ಅದೇ ವರ್ಷ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕಾಂಪೌಂಡಿನ ಐದೂ ಚಿನ್ನ ನಮ್ಮ ದೇಶಕ್ಕೆ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಯೂ ಸೇರಿದೆ.

ಶಿರಸಿಯವರಿಗೆ ಬಾಣದ ವಿಷಯ ಹೇಳುವುದು ಉಳಿದಿತ್ತು. ಭಾವನವರು ಬಿಲ್ಲಿನ ಜೊತೆ ತಮ್ಮ ಬೇಟೆಯ ಬಾಣಗಳನ್ನೂ ಕೊಡಬಹುದು, ದಯವಿಟ್ಟು ಅವನ್ನು ಬಳಸಬೇಡಿ. ಬಾಣಕ್ಕೆ ಸ್ಪೈನ್ ಎಂಬ ಬಿಗಿತದ ಅಳತೆ ಇದೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣದ ಕೋಲನ್ನು ಇಟ್ಟು ನಡುವೆ 880 ಗ್ರಾಂ ತೂಗುಹಾಕಿದಾಗ ಅರ್ಧ ಇಂಚು ಬಗ್ಗಿದರೆ ಅದು 500, ಅದಕ್ಕಿಂತ ಕಡಿಮೆ ಬಗ್ಗಿದರೆ 400, 340. ಸಂಖ್ಯೆ ಇಳಿದಷ್ಟೂ ಕೋಲು ಬಿಗಿ. 70 ಪೌಂಡಿಗೆ ಹೊಂದುವ 340ರ ಕೋಲು 45 ಪೌಂಡಿನಲ್ಲಿ ಸರಿಯಾಗಿ ಹಾರುವುದಿಲ್ಲ. ಹಗುರ ಕೋಲು ಹುಡುಕುವಾಗಲೂ ಮಿತಿ ಇದೆ: ಎಳೆತದ ಒಂದು ಪೌಂಡಿಗೆ ಕನಿಷ್ಠ 5 ಗ್ರೇನ್ ಎಂಬುದು ರೂಢಿ, 50 ಪೌಂಡಿಗೆ 250. ಅದಕ್ಕಿಂತ ಹಗುರವಾದರೆ ಬಾಣವಿಲ್ಲದೆ ಬಿಟ್ಟದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ನಮ್ಮ ಹವೆಯನ್ನೂ ಮರೆಯಬೇಡಿ. ಕಾರವಾರದಲ್ಲಿ ಉಪ್ಪುಗಾಳಿಗೆ ಅಚ್ಚುಗಳು, ತಿರುಪುಗಳು ತುಕ್ಕು ಹಿಡಿಯುತ್ತವೆ, ಘಟ್ಟದ ಮೇಲೆ ಮಳೆಗಾಲದ ನಾಲ್ಕು ತಿಂಗಳು ಪೆಟ್ಟಿಗೆಯೊಳಗೇ ಬೂಸಲು ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಅಚ್ಚಿಗೆ ಒಂದು ಹನಿ ಎಣ್ಣೆ ಬಿಡಿ, ಹೆದೆಗೆ ಎರಡು ವಾರಕ್ಕೊಮ್ಮೆ ಮೇಣ ಸವರಿ ಬೆರಳ ಬಿಸಿಗೆ ಒಳಗಿಳಿಸಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಲ್ಲನ್ನು ಬಿಟ್ಟರೆ ಹೆದೆ ಹಿಗ್ಗಿ ಕ್ಯಾಮ್‌ಗಳ ಹೊಂದಾಣಿಕೆ ತಪ್ಪುತ್ತದೆ.

ತೋಟದ ದಣಪೆ ಬರೆದದ್ದು:

ನಿನ್ನೆ ಸಂಜೆ ಅಡಿಕೆ ಸುಲಿಯುವ ಕೆಲಸ ಮುಗಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಂತೆ, ಹೆಂಡತಿ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಟೇಪು ಹಿಡಿದಳು. 168 ಸೆಂಟಿಮೀಟರ್, ಎಂದರೆ 66 ಇಂಚು ಚಿಲ್ಲರೆ. ಎರಡೂವರೆಯಿಂದ ಭಾಗಿಸಿದರೆ ಇಪ್ಪತ್ತಾರೂವರೆ. ನಂಬಿಕೆ ಬರದೆ ಎರಡನೆಯ ಸಲವೂ ಅಳೆಸಿದೆ, ಅಷ್ಟೇ ಬಂತು. 29 ಇಂಚಿನ ಬಿಲ್ಲಿಗೂ ನನಗೂ ಎರಡೂವರೆ ಇಂಚಿನ ಅಂತರವಿದೆ.

ಭಾವಾ, 38 ಇಂಚಿನ ಬಿಲ್ಲನ್ನೇ ತನ್ನಿ. ಬರುವ ಮೊದಲು ಅಲ್ಲಿಯ ಅಂಗಡಿಯಲ್ಲಿ ಪ್ರೆಸ್ಸಿಗೆ ಹಾಕಿಸಿ ಹೊಸ ಹೆದೆ ಕಟ್ಟಿಸಿರಿ, ಎಳೆತವನ್ನು ಇಪ್ಪತ್ತಾರೂವರೆಗೆ, ತೂಕವನ್ನು 40ಕ್ಕೆ ಕೂರಿಸಿರಿ. ಖರ್ಚು ನನ್ನದು. ಬಾಣಗಳು ಬೇಡ, ಅಗಲ ಮೊನೆಗಳಂತೂ ಒಂದೂ ಬೇಡ. ಇಲ್ಲಿ ಧರೆಯ ಬುಡವನ್ನು ಸವರಿ ನೆಲ ಮಟ್ಟ ಮಾಡಿದ್ದೇನೆ, ಹಳೆಯ ಬಟ್ಟೆ ತುಂಬಿದ ಮೂರು ಗೋಣಿಚೀಲ ಒಟ್ಟಿದ್ದೇನೆ, ಹಿಂದೆ ಎರಡಾಳೆತ್ತರದ ಮಣ್ಣು ಇದೆ. ತೋಟಕ್ಕೆ ಇಳಿಯುವ ಕಾಲುದಾರಿ ಅದೇ ಪಕ್ಕದಲ್ಲಿ ಹಾಯುತ್ತಿತ್ತು. ಅದನ್ನು ಬಚ್ಚಲುಮನೆಯ ಹಿಂದಿನಿಂದ ತಿರುಗಿಸಿ, ಹಳೆಯ ಜಾಗದಲ್ಲಿ ದಣಪೆ ಹಾಕಿದ್ದೇನೆ.